ಹೊನ್ನಿನ ಗಿರಿ, ಉಗುರಿನ ಶಾಸನ

ಡಂಬಳದ ದಾರಿಯಾಗಿ ಡೋಣಿಗೆ ಬಂದು ನಿಂತವರ ಕಣ್ಣೆದುರು ದಿಗಂತವನ್ನು ಆವರಿಸಿ ಮಲಗಿರುವುದು ಕಪ್ಪತಗಿರಿ. ಎಪ್ಪತ್ತು ಗಿರಿ ಸುತ್ತುವುದಕ್ಕಿಂತ ಕಪ್ಪತಗಿರಿಯೊಂದನ್ನು ನೋಡು ಎಂದು ಈ ಸೀಮೆಯ ಹಿರಿಯರು ಹೇಳುತ್ತ ಬಂದದ್ದು ಬರಿಯ ಊರಭಿಮಾನದಿಂದಲ್ಲ. ಗದಗು, ಶಿರಹಟ್ಟಿ, ಮುಂಡರಗಿ ಸೀಮೆಗಳ ನಡುವೆ ಬೆನ್ನೆಲುಬಿನಂತೆ ಹಾಯ್ದಿರುವ ಈ ಶ್ರೇಣಿ ಹಳ್ಳಗಳನ್ನು ಹೆತ್ತಿದೆ, ನಾಟಿ ವೈದ್ಯರ ಚೀಲಕ್ಕೆ ಬೇರು ನಾರು ತುಂಬಿದೆ, ತಪಸ್ವಿಗಳಿಗೆ ಗವಿ ಕೊಟ್ಟಿದೆ, ತನ್ನ ಒಡಲಿನಲ್ಲಿ ಸುವರ್ಣವನ್ನೂ ಧರಿಸಿದೆ. ಆ ಸುವರ್ಣದ ಚರಿತ್ರೆಯನ್ನು ನಮ್ಮ ಪೂರ್ವಜರು ಕಲ್ಲಿನ ಮೇಲೂ ತಾಮ್ರದ ಮೇಲೂ ತಾಳೆಗರಿಯ ಮೇಲೂ ಬರೆದಿಟ್ಟರು. ಯಾವ ಅರಸು ಯಾವ ಬಸದಿಗೆ ಎಷ್ಟು ಗದ್ಯಾಣ ಬಿಟ್ಟ, ಯಾವ ಸೆಟ್ಟಿ ಯಾವ ಕೆರೆಗೆ ಎಷ್ಟು ಹೊನ್ನು ಸುರಿದ ಎಂಬ ಲೆಕ್ಕ ಇಂದಿಗೂ ನಮ್ಮ ಕಣ್ಣಮುಂದಿದೆ. ಆದರೆ ಅದೇ ಶಿಲೆಯಲ್ಲಿ ಹೊನ್ನಿನ ಮಗ್ಗುಲಿಗೇ ಮಲಗಿರುವ ಇನ್ನೊಂದು ವಂಶವಿದೆ. ಅದರ ಚರಿತ್ರೆಯನ್ನು ಯಾವ ಅರಸನೂ ಕೊರೆಸಲಿಲ್ಲ. ಅದು ಕೊರೆಯಲ್ಪಟ್ಟದ್ದು ಮನುಷ್ಯರ ಕೂದಲಿನಲ್ಲಿ, ಉಗುರಿನಲ್ಲಿ, ಅಂಗಾಲಿನ ಚರ್ಮದಲ್ಲಿ. ಈ ನಾಡಿನ ವಾರಸುದಾರರಾದ ನಮಗೆ ಎರಡೂ ಶಾಸನಗಳನ್ನು ಓದುವ ಹೊಣೆ ಇದೆ.

ಮೊದಲು ಹೊನ್ನಿನ ಕಥೆ. ಕಲ್ಯಾಣದ ಚಾಲುಕ್ಯರು ಆಳಿದ ಕಾಲದಲ್ಲಿ ಈ ಗಿರಿಯ ಸುತ್ತಲಿನ ಭೂಮಿ ಕರ್ನಾಟಕದ ಹೃದಯವಾಗಿತ್ತು. ಒಂದು ಕಡೆ ಪುಲಿಗೆರೆ, ಇಂದಿನ ಲಕ್ಷ್ಮೇಶ್ವರ, ತಿರುಳ್ಗನ್ನಡದ ನೆಲವೆಂದು ಹೊಗಳಿಸಿಕೊಂಡ ಪುಲಿಗೆರೆ ಮುನ್ನೂರು ಎಂಬ ನಾಡಿನ ರಾಜಧಾನಿ. ಇನ್ನೊಂದು ಕಡೆ ಲೊಕ್ಕಿಗುಂಡಿ, ಇಂದಿನ ಲಕ್ಕುಂಡಿ, ಟಂಕಸಾಲೆಯ ಊರು. ಅಲ್ಲಿ ಅಚ್ಚಾದ ಲೊಕ್ಕಿ ಗದ್ಯಾಣ ದೂರದ ಸಂತೆಗಳಲ್ಲಿಯೂ ಚಲಾವಣೆಯಾಗುತ್ತಿತ್ತು. ಆ ಲಕ್ಕುಂಡಿಯಲ್ಲಿಯೇ ದಾನಚಿಂತಾಮಣಿ ಅತ್ತಿಮಬ್ಬೆ 1007ರ ಹೊತ್ತಿಗೆ ಬ್ರಹ್ಮಜಿನಾಲಯವನ್ನು ಎತ್ತಿಸಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ರತ್ನಖಚಿತವಾದ ಒಂದೂವರೆ ಸಾವಿರ ಸುವರ್ಣ ಜಿನಬಿಂಬಗಳನ್ನು ದಾನವಿತ್ತಳು. ಮುದ್ರಣಯಂತ್ರ ಹುಟ್ಟುವುದಕ್ಕೆ ನಾಲ್ಕು ಶತಮಾನಗಳ ಹಿಂದೆ ಒಬ್ಬ ವಿಧವೆ ತನ್ನ ಹೊನ್ನನ್ನು ಅಕ್ಷರಕ್ಕೆ ಸುರಿದಳೆಂಬುದನ್ನು ನೆನೆದಾಗ ಈ ಲೇಖಕನ ಎದೆ ಇಂದಿಗೂ ತುಂಬುತ್ತದೆ. ಧರ್ಮವೊಳಲೆಂದು ಹೆಸರಾಗಿದ್ದ ಡಂಬಳದಲ್ಲಿ 1095ರಲ್ಲಿ ವರ್ತಕರು ಬೌದ್ಧರ ತಾರಾದೇವಿಗೆ ವಿಹಾರ ಕಟ್ಟಿಸಿದರು. ಡೋಣಿಯಂಥ ಪುಟ್ಟ ಊರಿನ ಶಾಸನವೂ ಜೈನರ ಯಾಪನೀಯ ಸಂಘದ ಮುನಿಗೆ ತೋಟ ಬಿಟ್ಟ ಸಂಗತಿಯನ್ನು ಸಾರುತ್ತದೆ. ಜಿನ, ಬುದ್ಧ, ಶಿವ ಮೂವರಿಗೂ ನೈವೇದ್ಯ ಸಲ್ಲಿಸಬಲ್ಲ ಸಂಪತ್ತು ಈ ಸೀಮೆಗಿತ್ತು.

ಸಂಪತ್ತು ಇದ್ದಲ್ಲಿಗೆ ದಂಡು ಬಾರದೆ ಇರದು. ಚಾಲುಕ್ಯರ ಸೂರ್ಯ ಅಸ್ತಂಗತನಾದ ಮೇಲೆ ಉತ್ತರದಿಂದ ಸೇವುಣರ ಭಿಲ್ಲಮನೂ ದಕ್ಷಿಣದಿಂದ ಹೊಯ್ಸಳ ವೀರಬಲ್ಲಾಳನೂ ಇದೇ ನೆಲಕ್ಕಾಗಿ ಎದುರುಬದುರಾದರು. 12ನೆಯ ಶತಮಾನದ ಕೊನೆಯ ದಶಕದಲ್ಲಿ ಗಿರಿಯ ಆಚೆ ಮಗ್ಗುಲಿನ ಸೊರಟೂರಿನ ಬಯಲಿನಲ್ಲಿ ನಡೆದ ಕಾಳಗದಲ್ಲಿ ಸೇವುಣ ಸೇನೆಯಲ್ಲಿ ಎರಡು ಲಕ್ಷ ಕಾಲಾಳು, ಹನ್ನೆರಡು ಸಾವಿರ ಕುದುರೆ ಇದ್ದುವೆಂದು ಶಾಸನ ಹೇಳುತ್ತದೆ. ಶಾಸನಕವಿಗಳ ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇದ್ದೀತು, ಸೋಲಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಬಲ್ಲಾಳನು ಶತ್ರುವನ್ನು ಕೃಷ್ಣೆಯ ತಡಿಯವರೆಗೆ ಅಟ್ಟಿ, ಲೊಕ್ಕಿಗುಂಡಿಯ ಕೋಟೆಯನ್ನು ಹಿಡಿದು, ಅದನ್ನೇ ತನ್ನ ನೆಲೆವೀಡು ಮಾಡಿಕೊಂಡ. ಆ ಸೊರಟೂರಿನ ಹಳ್ಳವೇ ಕಪ್ಪತಗುಡ್ಡದ ಹಳ್ಳಗಳಲ್ಲೆಲ್ಲ ಹೊನ್ನಿನ ಕಣಕ್ಕೆ ಹೆಸರಾದದ್ದು ಎಂಬುದನ್ನು ಓದುಗರು ಗಮನಿಸಬೇಕು. ರಕ್ತ ಹರಿದ ಹಳ್ಳದ ಮರಳಿನಲ್ಲಿಯೇ ಸುವರ್ಣವಿತ್ತು.

ಆ ಸುವರ್ಣವನ್ನು ಎತ್ತುತ್ತಿದ್ದವರು ಯಾರು? ಅವರ ಹೆಸರು ಯಾವ ಕಲ್ಲಿನಲ್ಲಿಯೂ ಇಲ್ಲ. ಭಾಷೆಯಲ್ಲಿ ಮಾತ್ರ ಉಳಿದಿದೆ. ಜಲಗಾರ ಎಂಬ ಮಾತಿಗೆ ಇಂದು ನಾವು ಬೀದಿ ಗುಡಿಸುವವನೆಂದು ಅರ್ಥ ಹೇಳುತ್ತೇವೆ. ಹಿಂದೆ ಅದು ಮಣ್ಣು ಮರಳು ತೊಳೆದು ಚಿನ್ನದ ಕಣ ಆಯುವವನ ಹೆಸರು. ಮುಂಗಾರಿನ ಮಳೆ ಗಿರಿಯ ಮೈ ತೊಳೆದು ಹಳ್ಳಕ್ಕೆ ಇಳಿದ ಮೇಲೆ ಈ ಜಲಗಾರರು ಮರದ ಮರಿಗೆ ಹಿಡಿದು ನೀರಿಗಿಳಿಯುತ್ತಿದ್ದರು. ಹಗುರವಾದ ಮಣ್ಣು ಹರಿದುಹೋಗಿ ಭಾರವಾದ ಕಪ್ಪು ಮರಳು ತಳದಲ್ಲಿ ನಿಲ್ಲುತ್ತಿತ್ತು. ಅದರ ಅಂಚಿನಲ್ಲಿ ಕೂದಲೆಳೆಯಷ್ಟು ಹಳದಿ ಮಿನುಗುತ್ತಿತ್ತು. ದಿನವೆಲ್ಲ ಬಗ್ಗಿದರೆ ಒಂದು ಹೊತ್ತಿನ ಜೋಳಕ್ಕಾಗುವಷ್ಟು ದುಡಿಮೆ. ಆದರೂ ಆ ಕಸುಬಿನಲ್ಲಿ ಒಂದು ವಿವೇಕವಿತ್ತು, ಬಹುಶಃ ಅವರಿಗೇ ಅರಿವಿಲ್ಲದ ವಿವೇಕ. ಗಿರಿ ತಾನಾಗಿ ಬಿಟ್ಟುಕೊಟ್ಟದ್ದನ್ನಷ್ಟೇ ಅವರು ತೆಗೆದುಕೊಂಡರು. ಶಿಲೆಯನ್ನು ಸೀಳಲಿಲ್ಲ. ಶಿಲೆಯೊಳಗೆ ಹೊನ್ನಿನ ಜೊತೆ ಮಲಗಿದ್ದುದನ್ನು ಎಬ್ಬಿಸಲಿಲ್ಲ.

ಶಿಲೆಯನ್ನು ಸೀಳಿದವರೂ ಈ ನಾಡಿನಲ್ಲಿಯೇ ಇದ್ದರು, ಅದೂ ಬಹು ಪ್ರಾಚೀನ ಕಾಲದಲ್ಲಿ. ಅಶೋಕನ ಬ್ರಹ್ಮಗಿರಿಯ ಶಾಸನ ದಕ್ಷಿಣದ ಪ್ರಾಂತದ ಅಧಿಕಾರಪೀಠವನ್ನು ಸುವರ್ಣಗಿರಿ ಎಂದು ಕರೆಯುತ್ತದೆ. ಆ ಊರು ಯಾವುದೆಂದು ವಿದ್ವಾಂಸರು ರಾಯಚೂರು, ಕೊಪ್ಪಳ, ಕರ್ನೂಲು ಸೀಮೆಗಳಲ್ಲಿ ಹಲವೆಡೆ ಗುರುತಿಸಿದ್ದಾರೆ. ದೇವಾನಾಂಪ್ರಿಯನೆಂಬುವನು ಅಶೋಕನೇ ಎಂದು ಜಗತ್ತಿಗೆ ಸ್ಪಷ್ಟಪಡಿಸಿದ ಮಸ್ಕಿಯ ಶಾಸನವನ್ನು 1915ರಲ್ಲಿ ಕಂಡುಹಿಡಿದವನು ಇತಿಹಾಸಕಾರನಲ್ಲ, ಹೊನ್ನಿನ ಜಾಡು ಹಿಡಿದು ಬಂದ ಬೀಡನ್ ಎಂಬ ಗಣಿ ಇಂಜಿನಿಯರ್. ಮಸ್ಕಿಗೆ ಅನತಿದೂರದ ಹಟ್ಟಿಯಲ್ಲಿ ಪ್ರಾಚೀನರ ಗಣಿ ಆರುನೂರು ಅಡಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಸಿಡಿಮದ್ದಿಲ್ಲದ ಕಾಲ ಅದು. ಬಂಡೆಗೆ ಬೆಂಕಿಯಿಟ್ಟು ಕಾಯಿಸಿ, ನೀರೆರಚಿ ಬಿರಿಯಿಸಿ, ಉಳಿ ಸುತ್ತಿಗೆಗಳಿಂದ ಕಿತ್ತು, ಪುಟ್ಟಿ ಪುಟ್ಟಿಯಾಗಿ ಮೇಲೆ ಸಾಗಿಸಿದರು. ಆ ಬಂಡೆಯಲ್ಲಿ ಹೊನ್ನಿನೊಡನೆ ಬೆರೆತಿದ್ದ ಖನಿಜದ ಹೆಸರು ಆರ್ಸೆನೊಪೈರೈಟ್. ಕಬ್ಬಿಣ, ಗಂಧಕ, ಪಾಷಾಣ (ಎಂದರೆ ಆರ್ಸೆನಿಕ್) ಮೂರೂ ಕೂಡಿದ ಬೆಳ್ಳಿಬಣ್ಣದ ಕಲ್ಲು. ಸುತ್ತಿಗೆಯಿಂದ ಹೊಡೆದರೆ ಬೆಳ್ಳುಳ್ಳಿಯ ವಾಸನೆ ಬರುತ್ತದೆ. ಬೆಂಕಿಗೆ ಹಿಡಿದರೆ ಬಿಳಿಯ ಹೊಗೆ ಏಳುತ್ತದೆ. ಆ ಹೊಗೆಯೇ ಬಿಳಿ ಪಾಷಾಣ. ನೂರಾರು ಅಡಿ ಆಳದ ಕತ್ತಲೆಯಲ್ಲಿ ಅದನ್ನು ಉಸಿರಾಡುತ್ತ ಕುಳಿತಿದ್ದವರ ಆಯುಸ್ಸು ಎಷ್ಟಿತ್ತೆಂದು ಯಾವ ಸಾಮ್ರಾಜ್ಯವೂ ಲೆಕ್ಕವಿಡಲಿಲ್ಲ.

ಇಲ್ಲಿ ನಮ್ಮವರ ಕೀರ್ತಿಗೆ ಸೇರಿದ ಒಂದು ಪ್ರಸಂಗವನ್ನು ನೆನೆಯಬೇಕು. ಶತಮಾನಗಳ ಕಾಲ ಹೆಸರು ಮಾತ್ರ ಉಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಬಂದಿತು; 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಆಕರಾಧ್ಯಕ್ಷನಿದ್ದಾನೆ, ಗಣಿಗಳ ಅಧಿಪತಿ. ಅದುರಿನ ಬಣ್ಣ, ಭಾರ, ಗಂಧಗಳಿಂದ ಲೋಹವನ್ನು ಗುರುತಿಸಬಲ್ಲವನು. ಹದಿನಾಲ್ಕನೆಯ ಅಧಿಕರಣದಲ್ಲಿ ವಿಷಪ್ರಯೋಗಗಳಿವೆ. ಒಂದೇ ಬಂಡೆಯಲ್ಲಿ ಒಟ್ಟಿಗಿರುವ ಎರಡು ವಸ್ತುಗಳು ಗ್ರಂಥದಲ್ಲಿ ಹನ್ನೆರಡು ಅಧಿಕರಣಗಳಷ್ಟು ದೂರ ಕುಳಿತಿವೆ. ಆದರೆ ರಾಜನ ಪ್ರಾಣರಕ್ಷಣೆಯ ಪ್ರಕರಣದಲ್ಲಿ ಕೌಟಿಲ್ಯ ಒಂದು ಪರೀಕ್ಷೆ ಹೇಳುತ್ತಾನೆ: ಅರಸನ ಅನ್ನವನ್ನು ಮೊದಲು ಅಗ್ನಿಗೆ ಹಾಕಬೇಕು, ವಿಷವಿದ್ದರೆ ಜ್ವಾಲೆಯೂ ಹೊಗೆಯೂ ನೀಲಿಯಾಗುತ್ತವೆ, ಬೆಂಕಿ ಸಿಡಿಯುತ್ತದೆ. ಜ್ವಾಲೆ ಸುಳ್ಳು ಹೇಳದು ಎಂಬ ನಂಬಿಕೆ ಅದು. ಆ ನಂಬಿಕೆ ಎರಡು ಸಹಸ್ರಮಾನಗಳ ಅನಂತರ ಇನ್ನೊಂದು ಖಂಡದಲ್ಲಿ ಸತ್ಯವಾದ ಬಗೆಯನ್ನು ಮುಂದೆ ಹೇಳುತ್ತೇನೆ.

ವಿಜಯನಗರ ಎದ್ದಿತು, ಬಿದ್ದಿತು. ಆದಿಲಶಾಹಿ, ಸವಣೂರಿನ ನವಾಬರು, ಮರಾಠರು ಬಂದರು, ಹೋದರು. 1800ರ ಜುಲೈಯಲ್ಲಿ ಬಂಡಾಯಗಾರ ಧೋಂಡಿಯ ವಾಘನನ್ನು ಬೆನ್ನಟ್ಟಿ ಬಂದ ಆರ್ಥರ್ ವೆಲ್ಲೆಸ್ಲಿ ಡಂಬಳದ ಕೋಟೆಯನ್ನು ಹಿಡಿದ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. 1858ರಲ್ಲಿ ಮುಂಡರಗಿಯ ಭೀಮರಾಯನೂ ಹಮ್ಮಿಗಿಯ ಕೆಂಚನಗೌಡನೂ ಬ್ರಿಟಿಷರ ವಿರುದ್ಧ ಕತ್ತಿ ಹಿರಿದು ಕೊಪ್ಪಳದ ಕೋಟೆಯಲ್ಲಿ ವೀರಮರಣವನ್ನಪ್ಪಿದರು. ಅದೇ ವರುಷ ಸುರಪುರದ ರಾಜಾ ವೆಂಕಟಪ್ಪ ನಾಯಕನೂ ಅಳಿದ. ಸುರಪುರದ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಈ ಕಥೆ ಮತ್ತೆ ಆ ನೆಲಕ್ಕೆ ಹೋಗಲಿದೆ.

ಕಂಪನಿ ಸರ್ಕಾರದ ದೊರೆಗಳು ಕತ್ತಿ ಒರಸಿ ಒರೆಗೆ ಸೇರಿಸುವ ಮುನ್ನವೇ ಭೂತಗನ್ನಡಿ ಹಿಡಿದಿದ್ದರು. ನ್ಯೂಬೋಲ್ಡ್, ಅವನ ತರುವಾಯ ಐಟನ್ ಎಂಬ ಸೈನ್ಯಾಧಿಕಾರಿಗಳು ಕಪ್ಪತಗುಡ್ಡದ ಹಳ್ಳಗಳ ಹೊನ್ನನ್ನು ಕುರಿತು ಬರೆದರು. 1874ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಬಂದ. ಭಾರತದ ಆದಿಮಾನವನ ಕಲ್ಲುಗೊಡಲಿಯನ್ನು ಪಲ್ಲಾವರದಲ್ಲಿ ಗುರುತಿಸಿದ ಮಹನೀಯ ಈತನೇ. ನಮ್ಮ ಪ್ರಾಚೀನ ಶಿಲಾವರ್ಗಕ್ಕೆ ಧಾರವಾಡ ಎಂಬ ಹೆಸರಿಟ್ಟು ಅದನ್ನು ಜಗತ್ತಿನ ಭೂವಿಜ್ಞಾನದಲ್ಲಿ ಶಾಶ್ವತಗೊಳಿಸಿದವನೂ ಈತನೇ. ಅವನು ಡಂಬಳದ ಗುಡ್ಡಗಳನ್ನು ಕಾಲ್ನಡಿಗೆಯಲ್ಲಿ ಅಳೆದ, ಹಳ್ಳ ಹಳ್ಳದ ಮರಳು ತೊಳೆಯಿಸಿ ನೋಡಿದ. ಜಲಗಾರರ ಮನೆತನಗಳು ಅಷ್ಟರಲ್ಲಿ ಬೆರಳೆಣಿಕೆಗೆ ಇಳಿದಿದ್ದುವು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಲಂಡನ್ನಿನ ಬಂಡವಾಳ ಬಂದಿತು. ಕಬಲಾಯತಕಟ್ಟಿ, ಹೊಸೂರು, ಅತ್ತಿಕಟ್ಟಿ ಸುತ್ತಿನಲ್ಲಿ ಗುಂಡಿಗಳು ಬಿದ್ದುವು. ಶಿರಹಟ್ಟಿ ಆಗ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದರಿಂದ ಅಲ್ಲಿಯ ಒಂದು ಗಣಿಗೆ ಸಾಂಗ್ಲಿ ಗಣಿಯೆಂದೇ ಹೆಸರಾಯಿತು. ಕೋಲಾರದ ಇನ್ನೊಂದು ಅವತಾರ ಇಲ್ಲಿ ಆಗುವುದೆಂಬ ಆಸೆ ಎಲ್ಲರಿಗೂ ಇತ್ತು. ಆಗಲಿಲ್ಲ. ಮೊದಲ ಮಹಾಯುದ್ಧ ಸಿಡಿಯುವುದಕ್ಕೂ ಮುನ್ನ ಆ ಗಣಿಗಳ ಬಾಗಿಲು ಮುಚ್ಚಿದ್ದುವು. ಹೊನ್ನು ಇಲ್ಲವೆಂದಲ್ಲ; ಹೊನ್ನು ಪೈರೈಟ್ ಮತ್ತು ಆರ್ಸೆನೊಪೈರೈಟ್‌ಗಳ ಹಿಡಿತದಲ್ಲಿತ್ತು. ವಿಷವು ತನ್ನ ಒಡನಾಡಿಯನ್ನು ಸುಲಭವಾಗಿ ಬಿಟ್ಟುಕೊಡಲಿಲ್ಲ.

ಈಗ ಆ ಜ್ವಾಲೆಯ ಕಥೆ. 1861ರಲ್ಲಿ ಲಂಡನ್ನಿನ ವಿಲಿಯಂ ಕ್ರೂಕ್ಸ್ ಗಂಧಕಾಮ್ಲದ ಕಾರ್ಖಾನೆಯ ಕೆಸರನ್ನು ಬೆಂಕಿಗೆ ಹಿಡಿದು ಅದರ ಬೆಳಕನ್ನು ಪಟ್ಟಕದ ಮೂಲಕ ಒಡೆದು ನೋಡುತ್ತಿದ್ದ. ಅದುವರೆಗೆ ಯಾರೂ ಕಾಣದ ಒಂದು ಹಚ್ಚಹಸುರಿನ ಗೆರೆ ಮಿಂಚಿತು. ಗ್ರೀಕ್ ಭಾಷೆಯಲ್ಲಿ ಎಳೆಯ ಚಿಗುರಿಗೆ ಥ್ಯಾಲೋಸ್ ಎನ್ನುತ್ತಾರೆ. ಆದುದರಿಂದ ಹೊಸ ಧಾತುವಿಗೆ ಥ್ಯಾಲಿಯಮ್ ಎಂದು ನಾಮಕರಣವಾಯಿತು. ಮರುವರ್ಷ ಫ್ರಾನ್ಸಿನ ಲಾಮಿ ಆ ಲೋಹವನ್ನು ಗಟ್ಟಿಯಾಗಿ ತೆಗೆದು ತೋರಿಸಿದ. ಧಾತುಗಳ ಪಂಕ್ತಿಯಲ್ಲಿ ಅದರ ಸ್ಥಾನ 81. ಒಂದು ಮಗ್ಗುಲಿಗೆ ಪಾದರಸ, ಇನ್ನೊಂದು ಮಗ್ಗುಲಿಗೆ ಸೀಸ. ನೆರೆಹೊರೆ ನೋಡಿಯೇ ಕುಲವನ್ನು ಊಹಿಸಬಹುದು. ಚಿಗುರಿನ ಹೆಸರು ಹೊತ್ತ ಈ ಲೋಹದ ಆಳ್ವಿಕೆ ಒಂದು ಶತಮಾನ ನಡೆಯಿತು. ಮೊದಲು ಅದನ್ನು ಔಷಧವೆಂದು ಸಿಂಹಾಸನಕ್ಕೇರಿಸಿದರು: ತಲೆಯಲ್ಲಿ ಹುಳುಕಡ್ಡಿಯಾದ ಮಕ್ಕಳಿಗೆ ಅದನ್ನು ಕೊಟ್ಟರೆ ಕೂದಲೆಲ್ಲ ಉದುರಿ ಚಿಕಿತ್ಸೆ ಸುಲಭವಾಗುತ್ತಿತ್ತು. ಕೂದಲಿನ ಜೊತೆ ಕೆಲವು ಮಕ್ಕಳ ಪ್ರಾಣವೂ ಉದುರಿತು. 1920ರಿಂದ ಇಲಿಪಾಷಾಣವಾಗಿ ಜರ್ಮನಿಯಿಂದ ಹೊರಟು ಲೋಕವೆಲ್ಲ ಸಂಚರಿಸಿತು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಬೆಳೆದ ಆಳಿಗೆ ಒಂದು ಗ್ರಾಂ ಸಾಕು. ಈ ಗುಣಗಳು ಅದನ್ನು ಕೊಲೆಗಡುಕರ ಅರಮನೆಗೂ ಒಯ್ದುವು. 1960ರಲ್ಲಿ ಕ್ಯಾಮರೂನಿನ ಸ್ವಾತಂತ್ರ್ಯ ನಾಯಕ ಫೆಲಿಕ್ಸ್ ಮೂಮಿಯೆಯನ್ನು ಜಿನೀವಾದಲ್ಲಿ ಕೊಂದದ್ದು ಇದೇ ಲೋಹ. 1972ರಲ್ಲಿ ಅಮೆರಿಕ ಇಲಿಪಾಷಾಣವಾಗಿ ಅದರ ಬಳಕೆಯನ್ನು ನಿಲ್ಲಿಸಿತು; ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬಳಸಬಾರದೆಂದು ಸಾರಿತು. ಸಿಂಹಾಸನ ಹೋಯಿತು, ವಂಶ ಅಳಿಯಲಿಲ್ಲ.

ಶರೀರವೆಂಬ ಪುರವನ್ನು ಅದು ಹೊಗುವ ಬಗೆ ಯಾವ ಕೋಟೆಯ ಮುತ್ತಿಗೆಯಲ್ಲಿಯೂ ಕಾಣದ ಕಪಟ. ನಮ್ಮ ಜೀವಕೋಶಗಳಿಗೆ ಪೊಟ್ಯಾಸಿಯಮ್ ಬೇಕೇ ಬೇಕು. ಹೃದಯ ಬಡಿಯುವುದು, ನರ ಮಿಡಿಯುವುದು ಅದರಿಂದ. ಆದುದರಿಂದ ಕೋಶದ ದ್ವಾರಪಾಲಕರು ಪೊಟ್ಯಾಸಿಯಮ್ ಬಂದರೆ ಬಾಗಿಲು ತೆರೆಯುತ್ತಾರೆ. ಥ್ಯಾಲಿಯಮ್ಮಿನ ಅಯಾನು ಗಾತ್ರದಲ್ಲಿಯೂ ವಿದ್ಯುದಂಶದಲ್ಲಿಯೂ ಪೊಟ್ಯಾಸಿಯಮ್ಮಿನ ಪಡಿಯಚ್ಚು. ಅದೇ ವೇಷದಲ್ಲಿ ಬಂದು, ಅದೇ ಮರ್ಯಾದೆಯಿಂದ ಒಳಗೆ ಹೋಗಿ, ಒಳಗಿನ ಯಂತ್ರಗಳನ್ನು ಒಂದೊಂದಾಗಿ ನಿಲ್ಲಿಸುತ್ತದೆ. ಪ್ರೋಟೀನುಗಳ ಗಂಧಕವನ್ನು ಹಿಡಿದು ಬಂಧಿಸುತ್ತದೆ. ಮೊದಲ ದಿನಗಳಲ್ಲಿ ಹೊಟ್ಟೆನೋವು, ವಾಂತಿ. ಊಟ ಕೆಟ್ಟಿತೆಂದು ಮನೆಯವರು ತಿಳಿಯುತ್ತಾರೆ. ಬಳಿಕ ಅಂಗಾಲು ಉರಿಯತೊಡಗುತ್ತದೆ. ಆ ಉರಿ ಎಂಥದೆಂದರೆ ಹೊದಿಕೆಯ ಅಂಚು ತಾಗಿದರೂ ರೋಗಿ ಚೀರುತ್ತಾನೆ. ಕಾಲು ನೆಲಕ್ಕೆ ಊರಲಾಗದು. ಎರಡು ಮೂರು ವಾರಕ್ಕೆ ತಲೆಗೂದಲು ಹಿಡಿ ಹಿಡಿಯಾಗಿ ಕೈಗೆ ಬರುತ್ತದೆ. ಆ ಹೊತ್ತಿಗೆ ವಿಷವು ನರಗಳನ್ನೂ ಮಿದುಳನ್ನೂ ಮುಟ್ಟಿರುತ್ತದೆ. ತಿಂಗಳು ಕಳೆದ ಮೇಲೆ ಉಗುರುಗಳ ಮೇಲೆ ಅಡ್ಡಡ್ಡಲಾಗಿ ಬಿಳಿಯ ಗೆರೆ ಮೂಡುತ್ತದೆ. ವೈದ್ಯರು ಅದನ್ನು ಮೀಸ್ ಗೆರೆ ಎನ್ನುತ್ತಾರೆ. ಪಾಷಾಣ ಒಳಹೊಕ್ಕವರ ಉಗುರಿನಲ್ಲಿಯೂ ಅದೇ ಗೆರೆ. ಉಗುರು ಬೆಳೆಯುವ ವೇಗವನ್ನು ತಿಳಿದವನು ಗೆರೆಯ ಸ್ಥಾನವನ್ನು ಅಳೆದು ವಿಷ ಒಳಹೊಕ್ಕ ಕಾಲವನ್ನು ಹೇಳಬಲ್ಲ, ಲಿಪಿಯನ್ನು ನೋಡಿ ಶಾಸನದ ಶತಮಾನವನ್ನು ನಿರ್ಣಯಿಸುವ ನಮ್ಮ ಶಾಸನತಜ್ಞರಂತೆಯೇ. ಇದಕ್ಕೆ ಮದ್ದೂ ಇದೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಪ್ರಷ್ಯನ್ ನೀಲಿ ಎಂಬ ಚಿತ್ರಗಾರರ ಬಣ್ಣವನ್ನು ನುಂಗಿಸಿದರೆ ಅದು ಕರುಳಿನಲ್ಲಿ ಥ್ಯಾಲಿಯಮ್ಮನ್ನು ಹಿಡಿದು ಹೊರಗೆ ಒಯ್ಯುತ್ತದೆ. ವಿಷವನ್ನು ಹೆಸರಿಸುವಷ್ಟು ಬೇಗ ವೈದ್ಯನಿಗೆ ಸಂಶಯ ಬಂದರೆ ಮಾತ್ರ ಆ ನೀಲಿ ಪ್ರಾಣ ಉಳಿಸೀತು.

ಕೊಲೆಯ ಕಥೆಗಳು ಪತ್ರಿಕೆಗಳಲ್ಲಿ ಮೆರೆಯುತ್ತವೆ. ಹಳ್ಳಿಗಳ ಕಥೆ ಮೆರೆಯುವುದಿಲ್ಲ. ನೈಋತ್ಯ ಚೀನದ ಗುಯ್‌ಝೌ ಪ್ರಾಂತದಲ್ಲಿ ಲಾನ್‌ಮುಚಾಂಗ್ ಎಂಬ ಊರಿದೆ. ಪಾದರಸದ ಅದುರಿನ ಜೊತೆ ಥ್ಯಾಲಿಯಮ್ ಬೆರೆತ ನೆಲ. ಗಣಿಯ ಕಸ ಮಳೆನೀರಿನೊಡನೆ ಹೊಲಕ್ಕೆ ಇಳಿಯಿತು. ಹೊಲದ ಎಲೆಕೋಸು ಅದನ್ನು ಬೇರಿನಿಂದ ಹೀರಿ ಎಲೆಯಲ್ಲಿ ಶೇಖರಿಸಿತು. ಎಲೆ ತಟ್ಟೆಗೆ ಬಂದಿತು. 1960ರ ದಶಕದಲ್ಲಿ ಆ ಊರಿನವರ ಕೂದಲು ಉದುರತೊಡಗಿತು, ಕಣ್ಣು ಮಂಜಾಯಿತು. ಅವರಿಗೆ ಯಾರೂ ವಿಷವಿಕ್ಕಲಿಲ್ಲ. ಅವರು ತಮ್ಮ ಹಿತ್ತಿಲ ಸೊಪ್ಪು ತಿಂದರು, ಅಷ್ಟೇ. 1979ರಲ್ಲಿ ಜರ್ಮನಿಯ ಲೆಂಗೆರಿಚ್‌ನಲ್ಲಿ ಸಿಮೆಂಟ್ ಕಾರ್ಖಾನೆಯೊಂದು ಸುಟ್ಟ ಪೈರೈಟಿನ ಬೂದಿಯನ್ನು ಕಚ್ಚಾವಸ್ತುವಿನಲ್ಲಿ ಬೆರೆಸಿತ್ತು. ಅದರ ಧೂಳು ಸುತ್ತಲಿನ ತೋಟಗಳ ಮೇಲೆ ಕುಳಿತು ಥ್ಯಾಲಿಯಮ್ ಜನರ ಮೈಸೇರಿತು. ಪೈರೈಟ್, ಗಂಧಕ, ಪಾದರಸ, ಪಾಷಾಣ, ಥ್ಯಾಲಿಯಮ್: ಇವು ಒಂದೇ ಕುಲದವು, ಒಂದೇ ತೆರನಾದ ಶಿಲೆಗಳಲ್ಲಿ ಮನೆಮಾಡುವಂಥವು. ಶಿಲೆ ಅಖಂಡವಾಗಿರುವವರೆಗೆ ಅವು ನಿದ್ರಿಸುತ್ತವೆ. ಪುಡಿಯಾಗಿ ಗಾಳಿ ನೀರುಗಳ ಸ್ಪರ್ಶವಾದೊಡನೆ ಎಚ್ಚರಗೊಳ್ಳುತ್ತವೆ.

ನಮ್ಮ ನಾಡಿನಲ್ಲಿ ಎಚ್ಚರಗೊಂಡದ್ದು ಪಾಷಾಣ. ಸುರಪುರದ ನಾಯಕರು ಆಳಿದ ನೆಲದಲ್ಲಿ, ಇಂದಿನ ಯಾದಗಿರಿ ಜಿಲ್ಲೆಯಲ್ಲಿ, ಮಂಗಳೂರು ಎಂಬ ಹಳ್ಳಿಯಿದೆ; ಕಡಲ ತಡಿಯ ಮಂಗಳೂರಲ್ಲ, ಹೊನ್ನಿನ ಗಣಿಯ ಮಂಗಳೂರು. ಬ್ರಿಟಿಷರ ಕಾಲದಲ್ಲಿ ಅಗೆದು ಬಿಟ್ಟ ಗಣಿಯನ್ನು ಸ್ವಾತಂತ್ರ್ಯದ ಅನಂತರ ಮತ್ತೆ ತೆರೆದು, ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಮತ್ತೆ ಮುಚ್ಚಿದರು. ಹತ್ತಿರದಲ್ಲಿಯೇ ಕಿರದಳ್ಳಿ ತಾಂಡಾ, ಲಂಬಾಣಿ ಜನರ ಊರು. ಒಂದು ಕಾಲದಲ್ಲಿ ದಂಡುಗಳ ಹಿಂದೆ ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ದಖ್ಖನವನ್ನೆಲ್ಲ ಸುತ್ತಿ, ಸಾಮ್ರಾಜ್ಯಗಳಿಗೆ ಅನ್ನವಿಕ್ಕಿದ ಜನಾಂಗ ಅದು. ರೈಲು ಬಂದು ಕಸುಬು ಕಿತ್ತುಕೊಂಡ ಮೇಲೆ ಅವರು ಸಿಕ್ಕ ಕಡೆ ತಾಂಡಾ ಹೂಡಿ ನೆಲೆನಿಂತರು. ಕೊಳವೆಬಾವಿಯ ನೀರು ಕುಡಿದರು. ಆ ನೀರಿಗೂ ಬಣ್ಣ, ವಾಸನೆ, ರುಚಿ ಯಾವುದೂ ಇರಲಿಲ್ಲ.

ಮೊದಲು ಎದೆ ಬೆನ್ನಿನ ಮೇಲೆ ಮಳೆಹನಿ ಸಿಡಿದಂತೆ ಕಪ್ಪು ಬಿಳಿ ಚುಕ್ಕೆಗಳು ಬಂದುವು. ಅಂಗೈ ಅಂಗಾಲುಗಳು ಒರಟಾಗಿ ಗಂಟುಗಟ್ಟಿದುವು. ಕೆಲವರಲ್ಲಿ ಗಂಟು ಒಡೆದು ಹುಣ್ಣಾಯಿತು. ಪಶ್ಚಿಮ ಬಂಗಾಳದಲ್ಲಿ 1983ರಲ್ಲಿಯೇ ಕಲ್ಕತ್ತೆಯ ವೈದ್ಯ ಕೆ. ಸಿ. ಸಾಹಾ ಈ ಲಕ್ಷಣಗಳನ್ನು ಗುರುತಿಸಿ ಕುಡಿಯುವ ನೀರಿನ ಪಾಷಾಣದತ್ತ ಬೆರಳು ತೋರಿದ್ದರು. ಆದರೆ ಅದು ಗಂಗೆಯ ಮೆಕ್ಕಲುಮಣ್ಣಿನ ಪೀಡೆ, ದಖ್ಖನದ ಕಗ್ಗಲ್ಲಿಗೆ ಸಂಬಂಧಿಸಿದ್ದಲ್ಲ ಎಂದು ನಂಬುವುದು ಸುಲಭವಾಗಿತ್ತು. ಜಾಧವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಆ ನಂಬಿಕೆಯನ್ನು ಮುರಿಯಿತು. ಮಂಗಳೂರು ಶಿಲಾಪಟ್ಟಿಯ ಪ್ರದೇಶದಲ್ಲಿ ಪರೀಕ್ಷಿಸಿದ 59 ಕೊಳವೆಬಾವಿಗಳಲ್ಲಿ ನೂರಕ್ಕೆ 79ರಷ್ಟು ಬಾವಿಗಳಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಮೀರಿತ್ತು. ಒಂದರಲ್ಲಿ 303 ಮುಟ್ಟಿತ್ತು. ಪರೀಕ್ಷಿಸಿದ 181 ಜನರಲ್ಲಿ ನೂರಕ್ಕೆ 58ಕ್ಕೂ ಹೆಚ್ಚು ಮಂದಿಯ ಚರ್ಮದ ಮೇಲೆ ಪಾಷಾಣದ ಗುರುತಿತ್ತು. ಶಂಕೆಯಿಂದ ಚರ್ಮದ ತುಣುಕು ತೆಗೆದು ನೋಡಿದ ನಾಲ್ವರಲ್ಲಿ ಮೂವರಿಗೆ ಅದು ಪಾಷಾಣದ ರೋಗವೇ ಎಂದು ಖಚಿತವಾಯಿತು. 171 ಜನ ತಮ್ಮ ಕೂದಲನ್ನೂ ಉಗುರನ್ನೂ ಕತ್ತರಿಸಿ ಕೊಟ್ಟರು. ಒಂದನ್ನೂ ಬಿಡದೆ ಎಲ್ಲವೂ ಪಾಷಾಣವನ್ನು ನುಡಿದುವು.

ಈ ಸಂಖ್ಯೆಗಳ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೇನೆ. ನೂರೆಪ್ಪತ್ತೊಂದು ಜನರ ಉಗುರುಗಳು! ನಮ್ಮ ಎಪಿಗ್ರಾಫಿಯ ಸಂಪುಟಗಳಲ್ಲಿ ಸಾವಿರಾರು ಶಾಸನಗಳಿವೆ. ರಾಜರ ಬಿರುದಾವಳಿ, ದಾನ, ಶಾಪ ಎಲ್ಲವೂ ಇವೆ. ದಾನವನ್ನು ಅಳಿದವನು ಕವಿಲೆಯ ಕೊಂದ ಪಾಪಕ್ಕೆ ಹೋಗುವನು ಎಂದು ಶಿಲೆಯಲ್ಲಿ ಕೊರೆಸಿದ ನಾಡು ಇದು. ನೀರನ್ನು ಅಳಿದವನಿಗೆ ಏನು ಶಾಪವೆಂದು ಹೇಳುವ ಶಾಸನ ಈ ತಾಂಡಾದ ಉಗುರುಗಳೇ. ಹೊನ್ನು ಎಲ್ಲೆಲ್ಲಿಗೋ ಹೋಯಿತು. ಲಂಬಾಣಿ ಹೆಣ್ಣುಮಗಳ ಕೊರಳಿಗೆ ಅದರಲ್ಲಿ ಗುಲಗಂಜಿಯಷ್ಟೂ ಬರಲಿಲ್ಲ. ಉಳಿದದ್ದು ಅರೆದು ಬಿಸಾಡಿದ ಬೂದುಬಣ್ಣದ ಪುಡಿ. ಅಲ್ಲಿಯ ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಕಿಲೋಗ್ರಾಂಗೆ 2000 ಮಿಲಿಗ್ರಾಂಗೂ ಮಿಕ್ಕಿ ಪಾಷಾಣವಿತ್ತು. ಕೋಲಾರದಲ್ಲಿಯೂ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಉಳಿದದ್ದು ಮೂರು ಕೋಟಿ ಟನ್ನಿಗೂ ಮಿಕ್ಕ ಸಯನೈಡ್ ದಿಬ್ಬಗಳು, ಕಲ್ಲಿನ ಧೂಳು ತುಂಬಿದ ಶ್ವಾಸಕೋಶಗಳು. ಸಾಮ್ರಾಜ್ಯಗಳು ಬಿದ್ದರೆ ಹಂಪೆ ಉಳಿಯುತ್ತದೆ. ಗಣಿಗಳು ಬಿದ್ದರೆ ಉಳಿಯುವುದು ದಿಬ್ಬ.

ಕಪ್ಪತಗಿರಿಯ ಭಾಗ್ಯ ಬೇರೆಯಾಯಿತು, ಅದು ತಾನಾಗಿ ಆದದ್ದಲ್ಲ. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಸುತ್ತ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಭೂಮಿ ಕೇಳಿದಾಗ ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ರೈತರ ಮುಂದೆ ನಿಂತರು. ಸರ್ಕಾರ ಹಿಂದೆ ಸರಿಯಿತು. 2015ರಲ್ಲಿ ಗಿರಿಯನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿದ ಸರ್ಕಾರ ಮರುವರ್ಷವೇ ಆ ಘೋಷಣೆಯನ್ನು ಹಿಂತೆಗೆದುಕೊಂಡಿತು. ಹೊನ್ನಿನ ಗಣಿಗಾಗಿ ಕಾದಿದ್ದವರ ಕಣ್ಣು ಮತ್ತೆ ಗಿರಿಯ ಮೇಲೆ ಬಿತ್ತು. 2017ರಲ್ಲಿ ಗದಗಿನ ಬೀದಿಯಲ್ಲಿ ಅಹೋರಾತ್ರಿ ಧರಣಿ ನಡೆಯಿತು. ಮತ್ತೆ ತೋಂಟದ ಶ್ರೀಗಳು, ಅವರೊಡನೆ ಇದೇ ಡೋಣಿಯ ನಂದಿವೇರಿ ಮಠದ ಶಿವಕುಮಾರ ಸ್ವಾಮಿಗಳು, ಊರೂರಿನ ರೈತರು, ಹೆಣ್ಣುಮಕ್ಕಳು, ವಿದ್ಯಾರ್ಥಿಗಳು. ಸೊರಟೂರಿನಲ್ಲಿ ಎರಡು ಲಕ್ಷ ಕಾಲಾಳು ಮಾಡಲಾಗದ್ದನ್ನು ಕೈಯಲ್ಲಿ ಕೋಲೂ ಇಲ್ಲದ ಈ ದಂಡು ಮಾಡಿತು: ಗಿರಿಯನ್ನು ಗೆದ್ದು, ಅದನ್ನು ಯಾರ ಭಂಡಾರಕ್ಕೂ ಸೇರಿಸದೆ ಗಿರಿಗೇ ಬಿಟ್ಟಿತು. ಸರ್ಕಾರ ಘೋಷಣೆಯನ್ನು ಮರಳಿ ಹೊರಡಿಸಿತು. 2019ರಲ್ಲಿ 244 ಚದರ ಕಿಲೋಮೀಟರಿನ ವನ್ಯಜೀವಿಧಾಮ ಸ್ಥಾಪನೆಯಾಯಿತು. ತೋಂಟದ ಶ್ರೀಗಳು ಅದನ್ನು ಕಾಣಲಿಲ್ಲ. 2018ರ ಅಕ್ಟೋಬರಿನಲ್ಲಿಯೇ ಲಿಂಗೈಕ್ಯರಾಗಿದ್ದರು.

ಆದರೆ ಗೆದ್ದ ಕೋಟೆಯನ್ನು ಕಾಯುವುದು ಗೆಲ್ಲುವುದಕ್ಕಿಂತ ದೀರ್ಘವಾದ ಕೆಲಸ. ನೂರು ವರ್ಷಗಳ ಹಿಂದೆ ಕಂಪನಿಗಳು ತೋಡಿ ಬಿಟ್ಟ ಗುಂಡಿಗಳೂ ಎತ್ತಿ ಹಾಕಿದ ಕಲ್ಲುರಾಶಿಗಳೂ ಗುಡ್ಡದ ಮೈಮೇಲಿವೆ. ಡೋಣಿಯ ಸುತ್ತ ಕಬ್ಬಿಣದ ಅದುರಿಗೆ ಅಗೆದ ಗಾಯಗಳಿವೆ. ಮುಂಡರಗಿ ತಾಲ್ಲೂಕಿನ ಕೊಳವೆಬಾವಿಗಳ ಫ್ಲೋರೈಡ್ ಹಲ್ಲು ಮೂಳೆಗಳನ್ನು ಹೇಗೆ ಕೆಡಿಸಿತೆಂಬುದನ್ನು ಈ ಸೀಮೆಯ ಜನ ಮೈಮೇಲೆ ಅನುಭವಿಸಿ ಬಲ್ಲರು. ಕಾಣದ ವಿಷ ಎಂದರೇನೆಂದು ಅವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಿರದಳ್ಳಿಯಲ್ಲಿ ಅಳತೆ ಬಂದದ್ದು ರೋಗ ಬಂದ ಮೇಲೆ. ಇಲ್ಲಿ ಅಳತೆ ಮೊದಲು ಬರಬೇಕು.

ಆದುದರಿಂದ ಡೋಣಿ, ಡಂಬಳ, ಅತ್ತಿಕಟ್ಟಿ, ಕಬಲಾಯತಕಟ್ಟಿ, ಸೊರಟೂರು ಗ್ರಾಮಗಳ ಹಿರಿಯರಲ್ಲಿ, ಪಂಚಾಯಿತಿಯ ಸದಸ್ಯರಲ್ಲಿ, ಗದಗು ಜಿಲ್ಲೆಯ ಶಾಲಾ ಕಾಲೇಜುಗಳ ರಸಾಯನಶಾಸ್ತ್ರದ ಗುರುಗಳಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಊರಿನ ಪ್ರತಿಯೊಂದು ಬಾವಿ, ಕೊಳವೆಬಾವಿ, ಹಳ್ಳದ ನೀರನ್ನು ಪ್ರಯೋಗಶಾಲೆಗೆ ಕಳುಹಿಸಿ. ಪಾಷಾಣ, ಫ್ಲೋರೈಡ್, ಸೀಸ, ಪಾದರಸ, ಥ್ಯಾಲಿಯಮ್ ಎಷ್ಟೆಷ್ಟಿದೆ, ಇಲ್ಲವೇ ಇಲ್ಲವೆಂದು ಬರೆಯಿಸಿಕೊಳ್ಳಿ. ಬಾವಿಯ ಹೆಸರು, ತಿಥಿ, ವರುಷ ಹಾಕಿ ಒಂದು ಪುಸ್ತಕದಲ್ಲಿ ದಾಖಲಿಸಿ. ಮುಂಗಾರಿಗೊಮ್ಮೆ, ಬೇಸಿಗೆಗೊಮ್ಮೆ ಹೊಸ ಪುಟ ತೆರೆಯಿರಿ. ಅತ್ತಿಮಬ್ಬೆ ಸಾವಿರ ಪ್ರತಿ ಬರೆಸಿದ ನಾಡಿನಲ್ಲಿ ಆ ಪುಸ್ತಕದ ಒಂದು ಪ್ರತಿ ಪ್ರತಿ ಪಂಚಾಯಿತಿಯ ಗೋಡೆಗೆ ತೂಗಿರಲಿ. ಮೊದಲ ಪುಟವನ್ನು ಡೋಣಿಯಿಂದಲೇ ಆರಂಭಿಸಿ.